ಮೂರನೇ ಸಾರಿ

ನನ್ನ ಕುತ್ತಿಗೆಯ ಬುಡದಲ್ಲಿ, ಅಂಗಿಯ ಮೊದಲ ಗುಂಡಿ ಬರುವ ಜಾಗದಲ್ಲಿ ಒಂದು ತೂತಿದೆ. ನಾನು ಉಸಿರಾಡುವುದು ಅದರಿಂದಲೇ. ಬಸ್ಸಿನಲ್ಲಿ ಪಕ್ಕ ಕೂತ ಮಕ್ಕಳು ಅದರ ಮೇಲೆ ಕಟ್ಟಿದ ಬಿಳಿ ಬಟ್ಟೆಯನ್ನು ದಿಟ್ಟಿಸುತ್ತವೆ. ತಾಯಂದಿರು ಹಾಗೆಲ್ಲ ನೋಡಬಾರದು ಎಂದು ಅವುಗಳ ಮುಖ ತಿರುಗಿಸುತ್ತಾರೆ. ನೋಡಲಿ ಬಿಡಿ, ನನಗೇನೂ ಬೇಜಾರಿಲ್ಲ. ಇದೇ ಕಾಯಿಲೆ ತಗುಲಿ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನಾನೀಗ ಮಾತಾಡುತ್ತೇನೆ. ಸೊಗಸಾಗಿ ಅಲ್ಲ. ತರಕಾರಿಯವನ ಜೊತೆ ಚೌಕಾಸಿ ಮಾಡುವಷ್ಟು, ಹೆಂಡತಿಯ ಜೊತೆ ಜಗಳವಾಡಿ ಸೋಲುವಷ್ಟು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಅರಸೀಕೆರೆಯಲ್ಲಿ ಕಾಯಿ, ಕೊಬ್ಬರಿಯ ದಲ್ಲಾಳಿ. ನಮ್ಮಪ್ಪನೂ ಅದೇ ಕೆಲಸ ಮಾಡಿದವನು, ಆದರೆ ಅವನ ಕಾಲದ ವ್ಯಾಪಾರಕ್ಕೆ ಬಾಯಿ ಬೇಕಿರಲಿಲ್ಲ. ಇಬ್ಬರು ಎದುರುಬದುರು ನಿಂತು, ಕೈಗಳ ಮೇಲೆ ಒಂದು ಟವಲು ಹಾಕಿಕೊಂಡು, ಅದರಡಿಯಲ್ಲಿ ಬೆರಳು ಹಿಡಿದು ದರ ಹೇಳುತ್ತಿದ್ದರು. ಹಿಡಿದ ಬೆರಳೆಷ್ಟೋ ದರ ಅಷ್ಟು. ಸುತ್ತ ನಿಂತವರಿಗೆ ಟವಲು ಅಲ್ಲಾಡಿದ್ದಷ್ಟೇ ಕಾಣುತ್ತಿತ್ತು. ನನ್ನ ಕಾಲಕ್ಕೆ ಕೂಗುವ ಹರಾಜು ಬಂತು. ನಾನು ರಾಶಿಯ ಮುಂದೆ ನಿಂತು 'ಒಂದನೇ ಸಾರಿ' ಎಂದು ಶುರು ಮಾಡಿದರೆ ರೈಲು ಸ್ಟೇಷನ್ನಿನ ಪ್ಲಾಟ್‌ಫಾರಂವರೆಗೆ ಕೇಳುತ್ತದೆ ಎಂದು ಜನ ಅನ್ನುತ್ತಿದ್ದರು. ಅದು ಸುಳ್ಳು, ಆದರೆ ನಾನು ಯಾರನ್ನೂ ತಿದ್ದಲಿಲ್ಲ.

ಆ ದನಿ ಕೆಟ್ಟದ್ದನ್ನು ಮೊದಲು ಕಂಡುಹಿಡಿದವಳು ನಮ್ಮವ್ವ. ಅವಳಿಗೆ ಕಣ್ಣು ಹೋಗಿ ಆಗಲೇ ಬಹಳ ವರ್ಷವಾಗಿತ್ತು. ಪಡಸಾಲೆಯ ಕಂಬಕ್ಕೆ ಒರಗಿ ಕೂತುಕೊಂಡೇ ಮನೆಯ ಅಷ್ಟೂ ಆಗುಹೋಗುಗಳನ್ನು ಕಿವಿಯಲ್ಲಿ ನಡೆಸುತ್ತಿದ್ದಳು. ನಾನು ಹೊಸಲು ದಾಟುವಾಗ 'ಅವ್ವ, ಬಂದೆ' ಅನ್ನಬೇಕು. ಅಂದಮೇಲೆಯೇ ಅವಳ ಪಾಲಿಗೆ ನಾನು ಮನೆಗೆ ಬಂದ ಹಾಗೆ. ಒಂದು ಸಂಜೆ ಹಾಗೆ ಅಂದಾಗ ಅವಳು ತಲೆ ವಾಲಿಸಿ ಕೇಳಿದಳು.

"ಏನ್ಲಾ ನಂಜ, ನಿನ್ನ ದನೀಗೆ ಬೂಷ್ಟು ಹಿಡ್ದಂಗೈತಲ್ಲ?"

ಮಳೆಗಾಲದಲ್ಲಿ ಕೊಬ್ಬರಿಗೆ ಹಿಡಿಯುತ್ತದಲ್ಲ, ಅದು. ಅತಿಮಧುರ ಅಗಿದೆ, ಹಿಪ್ಪಲಿ ಕಷಾಯ ಕುಡಿದೆ, ಅರಿಶಿನದ ಹಾಲು ಕುಡಿದು ಕುಡಿದು ಒಳಗೆಲ್ಲ ಹಳದಿಯಾಗಿರಬೇಕು. ಬೀಡಿಯನ್ನೂ ಬಿಟ್ಟೆ. ದನಿ ಇನ್ನಷ್ಟು ಕುಗ್ಗಿತು. ಒಂದು ದಿನ ಹರಾಜಿನ ಮಧ್ಯೆ ಬರಿ ಗಾಳಿ ಬಂತು. ರಾಶಿಯ ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ನನ್ನ ಹೆಂಡತಿ ಗಿರಿಜ ಮಾತ್ರ ಸುದ್ದಿ ಕೇಳಿ ನಗಲಿಲ್ಲ. ಮಾರನೇ ದಿನವೇ ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನಾಲಗೆ ಹಿಡಿದೆಳೆದು, ಒಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿ, ಏನೂ ಹೇಳದೆ ಬೆಂಗಳೂರಿಗೆ ಚೀಟಿ ಬರೆದರು. ಡಾಕ್ಟರು ಬಾಯಿ ಮುಚ್ಚಿಕೊಂಡು ಬರೆದರೆ ಹೆದರಬೇಕು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗಿರಿಜಳಿಗೆ ಗೊತ್ತಿತ್ತು.

ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಕಾಯುವವರಿಗೆಂದು ಉದ್ದನೆಯ ಓಣಿಯಂಥ ಜಾಗವಿತ್ತು. ಅಲ್ಲಿ ಯಾರೂ ಯಾರನ್ನೂ 'ಏನು ಕಾಯಿಲೆ' ಎಂದು ಕೇಳುವುದಿಲ್ಲ. 'ಎಲ್ಲಿಗೆ ಬಂದಿರೋದು' ಎಂದು ಕೇಳುತ್ತಾರೆ. ಬಾಯಿಗೆ, ಹೊಟ್ಟೆಗೆ, ಎದೆಗೆ. ನನ್ನ ಪಕ್ಕದಲ್ಲಿದ್ದ ಮುದುಕಿ ನನ್ನನ್ನು ಹಾಗೆ ಕೇಳಿದಾಗ 'ಗಂಟಲಿಗೆ' ಎಂದೆ. ಅವಳು ಸೆರಗಿನ ಗಂಟಿನಿಂದ ಒಂದು ಚೂರು ಕಲ್ಲುಸಕ್ಕರೆ ಬಿಚ್ಚಿ ಕೊಟ್ಟಳು. ಅದರಿಂದ ಏನೂ ಆಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಅದನ್ನು ಬಾಯಲ್ಲಿಟ್ಟುಕೊಂಡೇ ಒಳಗೆ ಹೋದೆ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು. ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದರು. ಒಂದು ಅನ್ನದ ದಾರಿ, ಇನ್ನೊಂದು ಗಾಳಿಯ ದಾರಿ. ಎರಡೂ ಗಂಟಲಲ್ಲಿ ಕೂಡುತ್ತವೆ, ಗಾಳಿಯ ದಾರಿಯ ಬಾಯಿಗೆ ಒಂದು ಪೆಟ್ಟಿಗೆ, ದನಿ ಹುಟ್ಟುವುದು ಅಲ್ಲಿ ಎಂದರು. ನನಗೆ ನಮ್ಮ ಅರಸೀಕೆರೆ ಜಂಕ್ಷನ್ ನೆನಪಾಯಿತು. ಹುಬ್ಬಳ್ಳಿಯ ಗಾಡಿ, ಮೈಸೂರಿನ ಗಾಡಿ ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ಅಲ್ಲೊಬ್ಬ ಕೂತು ಹಳಿ ಬದಲಾಯಿಸುತ್ತಿರುತ್ತಾನೆ. ನಲವತ್ತು ವರ್ಷ ಉಣ್ಣುತ್ತಲೇ ಮಾತಾಡಿದವನು ನಾನು, ನನ್ನ ಗಂಟಲಲ್ಲಿ ಅಂಥವನೊಬ್ಬ ದುಡಿಯುತ್ತಿದ್ದಾನೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಪೆಟ್ಟಿಗೆ ಪೂರ್ತಿ ತೆಗೀಬೇಕಾಗುತ್ತೆ," ಎಂದರು ಡಾಕ್ಟರು.

"ತೆಗೆದು, ಸರಿ ಮಾಡಿ, ವಾಪಸ್ ಇಡ್ತೀರಾ ಸಾರ್?" ಎಂದೆ.

ಅವರು ನಗಲಿಲ್ಲ. ಅನ್ನದ ದಾರಿ ಹಾಗೇ ಇರುತ್ತದೆ, ಗಾಳಿಯ ದಾರಿಯನ್ನು ಕುತ್ತಿಗೆಯ ಮುಂದಕ್ಕೆ ತಿರುಗಿಸುತ್ತೇವೆ, ಜೀವ ಉಳಿಯುತ್ತದೆ ಎಂದರು. ಮೇಜಿನ ಕೆಳಗೆ ಗಿರಿಜ ನನ್ನ ಮಣಿಕಟ್ಟನ್ನು ಹಿಡಿದಿದ್ದಳು. ಹೊರಗೆ ಬಂದಮೇಲೆ ನೋಡಿದರೆ ಅವಳ ಬಳೆಯ ಅಚ್ಚು ನನ್ನ ಕೈ ಮೇಲೆ ಬಿದ್ದಿತ್ತು.

ವಾಪಸು ಬರುವ ರೈಲು ತುಮಕೂರು ದಾಟಿತು. ಆಮೇಲೆ ನಾನು ಕೇಳಿದ್ದು ಒಂದೇ. ಅವ್ವನಿಗೆ ಏನು ಹೇಳುವುದು? ಅವ್ವನ ತವರು ಗೆಂಡೆಹಳ್ಳಿಯಲ್ಲಿ ಅವಳ ಅಣ್ಣ ಇದೇ ಹೆಸರಿನ ಕಾಯಿಲೆಯಲ್ಲಿ ಹೋಗಿದ್ದ. ಆ ಹೆಸರು ಕೇಳಿದರೆ ಅವಳು ನನ್ನನ್ನು ಆಗಲೇ ಮಣ್ಣು ಮಾಡಿ ಕೂರುತ್ತಾಳೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಕಣ್ಣಿದ್ದವರಿಗೆ ಸನ್ನೆ ಮಾಡಬಹುದು, ಸ್ಲೇಟಿನ ಮೇಲೆ ಬರೆದು ತೋರಿಸಬಹುದು. ಅವ್ವನ ಲೋಕದಲ್ಲಿ ನಾನೆಂದರೆ ನನ್ನ ದನಿ. ಅದು ಹೋದರೆ ಅವಳ ಮಗ ಎಲ್ಲಿ?

"ಮೌನವ್ರತ ಅಂತ ಹೇಳೋಣ ಕಣ್ರೀ," ಅಂದಳು ಗಿರಿಜ. "ಮಠದಲ್ಲಿ ಸ್ವಾಮೀಜಿ ಹೇಳಿದ್ರು, ಶಿವರಾತ್ರಿವರೆಗೆ ಮಾತಾಡೋ ಹಂಗಿಲ್ಲ ಅಂತ. ಆಸ್ಪತ್ರೇಲಿ ಇರೋಷ್ಟು ದಿನ ಮಠದಲ್ಲಿದ್ದೀರಿ ಅಂದ್ರಾಯ್ತು."

"ಶಿವರಾತ್ರಿ ಆದ್ಮೇಲೆ?"

"ಅಷ್ಟ್ರೊಳಗೆ ಶಿವ ಏನಾದ್ರೂ ದಾರಿ ಮಾಡ್ತಾನೆ. ಅವನೂ ಗಂಟಲಲ್ಲಿ ವಿಷ ಇಟ್ಕೊಂಡೋನೇ ಅಲ್ವಾ? ನಿಮ್ಮ ಹೆಸರೂ ಅದೇ."

ನಂಜುಂಡಪ್ಪ ಎಂದು ಹೆಸರಿಟ್ಟವರು ಇಷ್ಟು ದೂರ ಯೋಚಿಸಿರಲಾರರು ಎಂದುಕೊಂಡು ನಕ್ಕೆ. ಆ ದನಿಯಲ್ಲಿ ನಾನು ನಕ್ಕ ಕೊನೆಯ ನಗುಗಳಲ್ಲಿ ಅದೂ ಒಂದು.

ಆಪರೇಷನ್ನಿಗೆ ಹೋಗುವ ಮುಂಚೆ ಗೆಂಡೆಹಳ್ಳಿಗೆ ಹೋಗಬೇಕಾಯಿತು. ನಾವಿಲ್ಲದಾಗ ಅವ್ವನನ್ನು ನೋಡಿಕೊಳ್ಳಲು ನಮ್ಮತ್ತೆಯನ್ನು, ಎಂದರೆ ಆ ಸೋದರಮಾವನ ಹೆಂಡತಿಯನ್ನು, ಕೇಳಿಕೊಂಡು ವಾಪಸು ಬರುವಾಗ ಹಳೇಬೀಡಿನಲ್ಲಿ ಬಸ್ಸು ತಪ್ಪಿತು. ಇನ್ನೊಂದಕ್ಕೆ ಹೊತ್ತಿತ್ತು. ಇಬ್ಬರೂ ಬಸ್ತಿಹಳ್ಳಿಯ ಕಡೆ ನಡೆದೆವು. ಅಲ್ಲಿಯ ಹಳೆಯ ಜೈನ ಬಸದಿಯೊಳಗೆ ಯಾರೂ ಇರಲಿಲ್ಲ, ತಣ್ಣಗಿತ್ತು. ಮುಖ ಕಾಣುವಷ್ಟು ನುಣುಪಾದ ಕಂಬಗಳ ಮಧ್ಯೆ ಗಿರಿಜ ನಿಂತುಕೊಂಡಳು.

"ಹರಾಜು ಕೂಗ್ರಿ ಒಂದ್ಸಲ."

"ಇಲ್ಲೇನಾ? ದೇವರ ಮುಂದೆ?"

"ಮದುವೆಯಾಗಿ ಇಷ್ಟು ವರ್ಷವಾಯ್ತು, ನಿಮ್ಮ ಹರಾಜು ಒಂದು ದಿನವೂ ಕೇಳಿಲ್ಲ. ಊರೆಲ್ಲ ಕೇಳೈತೆ."

ಹೆಂಗಸರು ಮಾರುಕಟ್ಟೆಯ ಕಡೆ ಬರುತ್ತಿರಲಿಲ್ಲ, ನಿಜ. ನಾನು ಗಂಟಲು ಸರಿಮಾಡಿಕೊಂಡೆ. ಇದ್ದ ಬದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದೆ. "ಒಂದನೇ ಸಾರಿ!" ಕಲ್ಲು ಅದನ್ನು ತೆಗೆದುಕೊಂಡು ದೊಡ್ಡದು ಮಾಡಿ ವಾಪಸು ಕೊಟ್ಟಿತು. "ಎರಡನೇ ಸಾರಿ!" ಗಿರಿಜ ಓಡಿ ಬಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

"ಮೂರನೇ ಸಾರಿ ಅನ್ನಬೇಡಿ," ಅಂದಳು. "ಅಂದ್ರೆ ಮುಗಿದೋಯ್ತು. ಅದು ಹಂಗೇ ಇರ್ಲಿ."

ಮೂರನೇ ಸಾರಿ ಎಂದರೆ ರಾಶಿ ಬೇರೆಯವರದಾಗುತ್ತದೆ. ಹರಾಜು ನೋಡದವಳಿಗೂ ಅಷ್ಟು ಗೊತ್ತಿತ್ತು. ಅವಳು ಅಳುತ್ತಿದ್ದಳು, ನಾನೂ ಅತ್ತೆ. ಆಮೇಲೆ ಬಸ್ಸು ತಪ್ಪೀತೆಂದು ಇಬ್ಬರೂ ಬೇಗ ಬೇಗ ನಡೆದೆವು.

ಆಪರೇಷನ್ನಿನ ಹಿಂದಿನ ದಿನ ಒಬ್ಬರು ನನ್ನನ್ನು ನೋಡಲು ಬಂದರು. ಕುತ್ತಿಗೆಗೆ ಬಿಳಿ ಬಟ್ಟೆ, ಕೈಯಲ್ಲಿ ಮೂಸಂಬಿ. ಇದೇ ಆಪರೇಷನ್ ಆಗಿ ವರ್ಷಗಳಾಗಿದ್ದ ನಿವೃತ್ತ ಬಸ್ ಕಂಡಕ್ಟರು. ಹೊಸಬರಿಗೆ ಧೈರ್ಯ ಹೇಳಲು ಡಾಕ್ಟರೇ ಕರೆಸಿದ್ದರು. ಅವರು ಬಾಯಿಯಿಂದ ಗಾಳಿ ನುಂಗಿ, ಅದನ್ನು ತೇಗಾಗಿ ಮೇಲಕ್ಕೆ ತಂದು, ಆ ತೇಗಿಗೆ ತುಟಿ ನಾಲಗೆ ಆಡಿಸಿ ಮಾತು ಮಾಡುತ್ತಿದ್ದರು. ಅನ್ನದ ದಾರಿಯಿಂದ ಬರುವ ಮಾತು.

"ನಾನು, ಮೊದಲು, ಕಲ್ತಿದ್ದು, ಟಿಕೆಟ್," ಎಂದರು. ಒಂದೊಂದು ಮಾತಿಗೂ ಒಂದೊಂದು ತೇಗು. ಟ, ಕ, ಪ, ತ ಇರುವ ಮಾತುಗಳು ಬೇಗ ಬರುತ್ತವಂತೆ. ಆ ಅಕ್ಷರಗಳನ್ನು ಒತ್ತಿ ಅನ್ನುವಾಗಲೇ ಗಾಳಿ ಒಳಗೆ ಹೋಗುತ್ತದಂತೆ. ನಮ್ಮ ಮನೆಯಲ್ಲಿ ಉಂಡವರು ಜೋರಾಗಿ ತೇಗಿದರೆ ಅಡಿಗೆಗೆ ಸಂದ ಮರ್ಯಾದೆ. ಮಾತಿಗೂ ಅದೇ ಗತಿಯಾಯಿತಲ್ಲ ಎನಿಸಿ ನಗು ಬಂತು. ಅವರೂ ನಕ್ಕರು. ಅವರ ಹೆಗಲು ಕುಣಿಯಿತು, ಸದ್ದು ಬರಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

ಮಾರನೇ ಬೆಳಗ್ಗೆ ನರ್ಸಮ್ಮ ಬಂದು ಕುತ್ತಿಗೆಯಲ್ಲಿರುವುದೆಲ್ಲ ತೆಗೆಯಬೇಕು ಎಂದರು. ನನ್ನ ಕುತ್ತಿಗೆಯಲ್ಲಿದ್ದದ್ದು ಶಿವದಾರ, ಅದರಲ್ಲಿ ನನ್ನ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು ಮೈಯಿಂದ ಅಗಲಿರಲಿಲ್ಲ. ಚಾಕುವಿಗೆ ಹೆದರದವನು ಅಲ್ಲಿ ಕೂತು ಹಟ ಹಿಡಿದೆ. ಅವರು ಕ್ರೈಸ್ತರು, ಅವರ ಕುತ್ತಿಗೆಯಲ್ಲೂ ಒಂದು ಸಣ್ಣ ಶಿಲುಬೆಯಿತ್ತು. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಯಾರನ್ನೋ ಕೇಳಿ ಬಂದು, ಲಿಂಗವನ್ನು ನನ್ನ ಕೈಯಿಂದಲೇ ತೋಳಿಗೆ ಕಟ್ಟಿಸಿ ಮೇಲೆ ಪ್ಲಾಸ್ಟರು ಸುತ್ತಿದರು. "ಈಗ ಭದ್ರ," ಎಂದರು. ಆ ಒಂದು ಮಾತು ಹಿಡಿದುಕೊಂಡೇ ನಾನು ಮಲಗಿದೆ.

ಎಚ್ಚರವಾದಾಗ ಗಿರಿಜ ಕಂಡಳು. ಕರೆಯಲು ಬಾಯಿ ತೆರೆದೆ. ತುಟಿ ಆಡಿತು, ಏನೂ ಹೊರಡಲಿಲ್ಲ. ಗೊತ್ತಿದ್ದದ್ದೇ ಆದರೂ ಗೊತ್ತಿರುವುದು ಬೇರೆ, ಆಗುವುದು ಬೇರೆ. ಅಳು ಬಂತು. ಅಳುವುದಕ್ಕೂ ದನಿ ಬೇಕು ಎಂದು ತಿಳಿದದ್ದು ಆಗಲೇ. ಕಣ್ಣೀರು ಮಾತ್ರ ಇಳಿಯಿತು, ಕುತ್ತಿಗೆಯಲ್ಲಿ ಉಸಿರು ಬುಸುಗುಟ್ಟಿತು. ಗಿರಿಜ ಅದನ್ನು ಕೇಳಿ, "ಬೈತಿದ್ದೀರಾ ನನ್ನ?" ಅಂದಳು. ತಲೆಯಾಡಿಸಿದೆ. "ಬೈರಿ, ಬೈರಿ," ಎಂದು ಕಣ್ಣೊರೆಸಿದಳು.

ಆಮೇಲೆ ಒಂದೊಂದಾಗಿ ಕಳೆದದ್ದೆಲ್ಲ ಗೊತ್ತಾಗುತ್ತ ಹೋಯಿತು. ಬಿಸಿ ಕಾಫಿಗೆ ಊದಲಾರೆ. ಸೀನಿದರೆ ಕುತ್ತಿಗೆಯಿಂದ ಬರುತ್ತದೆ. ಮೂಗಿಗೆ ಕೆಲಸವಿಲ್ಲ, ಕೊಬ್ಬರಿಯ ವಾಸನೆಯೂ ಇಲ್ಲ. ತಲೆಗೆ ನೀರು ಹಾಕಿಕೊಳ್ಳುವಾಗ ಗಿರಿಜ ಮುಂದೆ ನಿಂತು ತೂತಿಗೆ ಅಂಗೈ ಅಡ್ಡ ಹಿಡಿಯಬೇಕು. ಡಾಕ್ಟರು ಒಂದು ಸಮಾಧಾನ ಕೊಟ್ಟರು. ಗಡ್ಡೆ ಪೂರ್ತಿ ಹೊರಬಂದಿದೆ, ಕರೆಂಟು, ಎಂದರೆ ರೇಡಿಯೇಷನ್, ಕೊಡುವ ಅಗತ್ಯವಿಲ್ಲ ಎಂದರು. ಧೂಳು, ಬೂದಿ, ನೀರು ಆ ತೂತಿಗೆ ಹೋಗದ ಹಾಗೆ ನೋಡಿಕೊಳ್ಳಬೇಕು, ನೇರ ಪುಪ್ಪುಸಕ್ಕೇ ಹೋಗುತ್ತದೆ ಎಂದೂ ಎಚ್ಚರಿಸಿದರು. ಗಿರಿಜ ನನ್ನ ಹಳೇ ಪಂಚೆ ಹರಿದು ಚೌಕ ಚೌಕ ಬಟ್ಟೆ ಹೊಲಿದಳು.

ಊರಿಗೆ ಬಂದ ದಿನ ಹೊಸಲು ದಾಟಿ ನಿಂತೆ. ಅಭ್ಯಾಸಬಲ, ಬಾಯಿ 'ಅವ್ವ, ಬಂದೆ' ಎಂದು ಆಡಿತು. ಅವ್ವ ಕಂಬಕ್ಕೆ ಒರಗಿ ಹಾಗೇ ಕೂತಿದ್ದಳು. ಗಿರಿಜ, "ಅತ್ತೆ, ನಿಮ್ಮ ಮಗ ಬಂದ್ರು," ಅಂದಳು.

"ಬಂದ್ನಾ? ವ್ರತ ಚೆನ್ನಾಗಿ ನಡೀತೈತಾ?" ಎಂದು ಅವ್ವ ಖುಷಿಯಾಗಿ ಕೈ ಚಾಚಿದಳು. "ಹುಟ್ಟಿದಾಗ್ಲಿಂದ ಬಾಯಿ ಮುಚ್ಚಿದೋನಲ್ಲ, ಆ ಸ್ವಾಮೇರು ಅದೇನು ಪವಾಡ ಮಾಡಿದ್ರೋ!"

ವ್ರತದ ಸುದ್ದಿಯನ್ನು ಅವಳು ಆಗಲೇ ಬೀದಿಗೆಲ್ಲ ಹೇಳಿಕೊಂಡು ಹಿಗ್ಗಿದ್ದಳು. ನಿಜ ಗೊತ್ತಿದ್ದ ಬೀದಿಯವರು 'ಹೂಂ' ಎಂದು ತಲೆಯಾಡಿಸಿ, ನನ್ನನ್ನು ಕಂಡಾಗ ಕಣ್ಣು ತಗ್ಗಿಸುತ್ತಿದ್ದರು.

ನಾವು ಒಂದನ್ನು ಮರೆತಿದ್ದೆವು. ಬೆಳಗ್ಗೆ ಪೂಜೆಯಾದ ಮೇಲೆ ನಾನು ಅವ್ವನ ಮುಂದೆ ಕೂತರೆ ಅವಳು ನನಗೆ ವಿಭೂತಿ ಹಚ್ಚುವುದು ಚಿಕ್ಕಂದಿನ ವಾಡಿಕೆ. ಮೊದಲು ಹಣೆಗೆ, ಆಮೇಲೆ ಕುತ್ತಿಗೆಗೆ. ಮಾರನೇ ಬೆಳಗ್ಗೆ ಕೂತೆ. ಹಣೆಗೆ ಮೂರು ಬೆರಳು ಎಳೆದಳು. ಮತ್ತೆ ವಿಭೂತಿ ಗಟ್ಟಿಗೆ ಬೆರಳೊತ್ತಿ ಬೂದಿ ತೆಗೆದುಕೊಂಡ ಕೈ ಕೆಳಗಿಳಿಯಿತು. ಗಿರಿಜ ಅಡಿಗೆಮನೆ ಬಾಗಿಲಲ್ಲಿ "ಅತ್ತೆ!" ಎಂದು ಚೀರಿದಳು. ನಾನು ಅವ್ವನ ಕೈ ಹಿಡಿದೆ.

ಹಿಂದೆಂದೂ ನಾನು ಅವಳ ಕೈ ತಡೆದವನಲ್ಲ. ಅವಳ ಮುಖ ಗಲಿಬಿಲಿಯಾಯಿತು. ಮತ್ತೊಂದು ಸುಳ್ಳು ಹೇಳುವುದು ಕಷ್ಟವಾಗಿರಲಿಲ್ಲ, ಗಿರಿಜ ಅದಕ್ಕೆ ತಯಾರಾಗಿಯೇ ನಿಂತಿದ್ದಳು. ಆದರೆ ಅವ್ವನ ಬೆರಳು ನನ್ನ ಕೈಯಲ್ಲಿ ಬೂದಿ ಹಿಡಿದುಕೊಂಡೇ ಕಾಯುತ್ತಿತ್ತು. ನನ್ನಿಂದ ಆಗಲಿಲ್ಲ. ಪಂಚೆಯ ಅಂಚಿನಿಂದ ಆ ಬೆರಳುಗಳ ಬೂದಿ ಒರೆಸಿದೆ. ಕುತ್ತಿಗೆಯ ಬಟ್ಟೆ ಎತ್ತಿ, ಅವಳ ಕೈಯನ್ನು ಅಲ್ಲಿಗೆ ತಂದು, ತೂತಿನ ಅಂಚಿಗೆ ಮುಟ್ಟಿಸಿದೆ.

ಅವಳು ಬೆರಳನ್ನು ಸುತ್ತಲೂ ಆಡಿಸಿದಳು. ಉಸಿರು ಅವಳ ಅಂಗೈಗೆ ತಾಗಿತು, ಹೋಯಿತು, ಮತ್ತೆ ತಾಗಿತು.

"ಇಲ್ಲಿಂದ ಉಸ್ರಾಡ್ತೀಯ?"

ಅವಳಿಗೆ ತಿಳಿಯಲೆಂದು ಅವಳ ಕೈಯನ್ನು ಕುತ್ತಿಗೆಗೆ ಒತ್ತಿಕೊಂಡೇ ತಲೆಯಾಡಿಸಿದೆ.

"ನಮ್ಮಣ್ಣನ ಕಾಯಿಲೆನಾ?"

ತಲೆಯಾಡಿಸಿದೆ. ಆಮೇಲೆ ಗಿರಿಜ ಹತ್ತಿರ ಕೂತು ಎಲ್ಲವನ್ನೂ ಹೇಳಿದಳು. ಕಾಯಿಲೆ ಪೂರ್ತಿ ತೆಗೆದದ್ದನ್ನು ಅವ್ವ ಎರಡು ಸಲ ಹೇಳಿಸಿಕೊಂಡಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಸೆರಗು ಬಿಡಿಸಿ ನಮ್ಮಿಬ್ಬರ ಕೈ ಮೇಲೆ ಹಾಸಿದಳು. ಅದರಡಿಯಲ್ಲಿ ನನ್ನ ಅಂಗೈ ಹುಡುಕಿದಳು.

"ನೋವು ಎಷ್ಟೈತೆ? ದರ ಹೇಳು."

ದಲ್ಲಾಳಿಯ ಹೆಂಡತಿ ಅವಳು. ಅಪ್ಪ ಕಲಿಸಿದ್ದನೋ ನೋಡಿ ಕಲಿತಿದ್ದಳೋ, ಕೇಳಿರಲಿಲ್ಲ. ನಾನು ಅವಳ ಒಂದು ಬೆರಳು ಹಿಡಿದೆ. ಅವಳು ತಲೆ ಅಲ್ಲಾಡಿಸಿ ನನ್ನ ನಾಲ್ಕು ಬೆರಳು ಹಿಡಿದಳು.

"ಕಳ್ಳ ದರ ಹೇಳ್ಬ್ಯಾಡ. ನಿಮ್ಮಪ್ಪನೂ ಹಿಂಗೇ ಶುರು ಮಾಡ್ತಿದ್ದ."

ಎರಡು ಹಿಡಿದೆ. ಅವಳು ನಾಲ್ಕನ್ನು ಬಿಡಲಿಲ್ಲ. ಕೊನೆಗೆ ಮೂರಕ್ಕೆ ಕುದುರಿತು. ನಿಜವಾಗಿ ನೋವು ಅಷ್ಟೇ ಇತ್ತು. ಆಗ ಅವಳ ಕಣ್ಣಿಂದ ನೀರು ಇಳಿಯಿತು. ಸೆರಗು ನಮ್ಮ ಕೈ ಮೇಲಿದ್ದುದರಿಂದ ಒರೆಸಿಕೊಳ್ಳಲಿಲ್ಲ.

ಅಂದಿನಿಂದ ಬೆಳಗ್ಗೆ ವಿಭೂತಿ ಹಣೆಗೆ ಮಾತ್ರ. ಆಮೇಲೆ ಸೆರಗಿನಡಿಯ ವ್ಯಾಪಾರ. ದರ ಇಳಿಯುತ್ತ ಬಂತು. ಒಂದು ದಿನ ನಾನು ಯಾವ ಬೆರಳನ್ನೂ ಹಿಡಿಯದೆ ಬರಿ ಮುಷ್ಟಿ ಕೊಟ್ಟೆ. "ಇವತ್ತು ಪೇಟೆ ರಜಾ," ಎಂದು ಅವಳೇ ನಕ್ಕಳು. ನಗು ಮುಗಿದ ಮೇಲೆ ಅಂದಳು:

"ಒಂದೇ ಕಷ್ಟ ಕಣಪ್ಪ ನಂಗೆ. ನೀನು ಮನೇಲಿದ್ದೀಯೋ ಇಲ್ವೋ ಗೊತ್ತಾಗಲ್ಲ. ಬಾಗ್ಲು ತಟ್ಟೋದನ್ನ ಎಲ್ರೂ ತಟ್ತಾರೆ."

ನಾನು ಹಟಕ್ಕೆ ಬಿದ್ದೆ. ಹಿತ್ತಿಲಿಗೆ ಹೋಗಿ ಗಾಳಿ ನುಂಗಿದೆ, ತೇಗಿದೆ. ಹೊಟ್ಟೆ ಉಬ್ಬರಿಸಿತು, ತಲೆ ತಿರುಗಿತು. ವಾರಗಟ್ಟಲೆ ಕಪ್ಪೆ ಕೂಗಿದ ಹಾಗೆ ಸದ್ದು ಬಂತೇ ಹೊರತು ಮಾತಲ್ಲ. ಮೊದಲು ಬಂದದ್ದು ಕಂಡಕ್ಟರು ಹೇಳಿದ 'ಟಿಕೆಟ್'. ಎಲ್ಲಿಗೂ ಹೋಗದವನು ಹಿತ್ತಿಲಲ್ಲಿ ಟಿಕೆಟ್ ಟಿಕೆಟ್ ಅಂದೆ. ಆಮೇಲೆ 'ಕಾಪಿ'. ಗಿರಿಜ ಅದನ್ನು ಕೇಳಿ ಆ ದಿನ ಕೇಳಿದಷ್ಟು ಸಾರಿ ಕಾಫಿ ಕೊಟ್ಟಳು. ಆದರೆ ನನಗೆ ಬೇಕಿದ್ದ ಒಂದು ಮಾತು ಬರಲೇ ಇಲ್ಲ. 'ಅವ್ವ' ಅನ್ನಲು ಗಾಳಿ ಸಿಗುವುದಿಲ್ಲ. ಅದರಲ್ಲಿ ಒತ್ತಲು ಏನೂ ಇಲ್ಲ, ತುಟಿಯಿಂದ ಹಾಗೇ ಜಾರಿಬಿಡುತ್ತದೆ. ಹುಟ್ಟಿದ ಮಗುವಿಗೆ ಬರುವ ಮಾತು ನನಗೆ ಬಾರದಾಯಿತು.

ಶಿವರಾತ್ರಿ ಬಂತು. ಆ ಸಂಜೆ ಅವ್ವನ ಮುಂದೆ ಕೂತು ಪ್ರಯತ್ನಿಸಿದೆ. ಮುಖ ಕೆಂಪಾಯಿತು, ಕುತ್ತಿಗೆ ಬುಸುಗುಟ್ಟಿತು, ಬರಿ ಗಾಳಿ. ಅವಳು ನನ್ನ ಮಂಡಿ ತಡವಿದಳು. ಗಿರಿಜ ಸೋತ ದನಿಯಲ್ಲಿ ವಿವರಿಸಿದಳು. "ಅತ್ತೆ, ಅವ್ರಿಗೆ 'ಅವ್ವ' ಅನ್ನೋಕಾಗ್ತಿಲ್ಲ. ಪ, ಟ, ಕ ಇರೋ ಮಾತಷ್ಟೇ ಬರೋದು."

ಅವ್ವ ಯೋಚಿಸಿದಳು. ನಮ್ಮೂರಿನವರಿಗೆಲ್ಲ ಅವಳು ಪುಟ್ಟಗೌರಮ್ಮ, ಇಲ್ಲವೇ ದಲ್ಲಾಳಿ ಮನೆಯ ಅಜ್ಜಿ.

"ಗೆಂಡೆಹಳ್ಳೀಲಿ ನನ್ನ ಪುಟ್ಟಿ ಅಂತಿದ್ರು," ಅಂದಳು. "ನಮ್ಮಪ್ಪ, ನಮ್ಮವ್ವ, ನಮ್ಮಣ್ಣ. ಅಣ್ಣ ಹೋದ್ಮೇಲೆ ಹಂಗೆ ಕರ್ಯೋರು ಯಾರೂ ಉಳೀಲಿಲ್ಲ. ನೀನು ಕರಿ ನೋಡಾನ."

ಹೆತ್ತವಳನ್ನು ಹೆಸರು ಹಿಡಿದು ಕರೆಯುವುದೇ? ನಾನು ಹಿಂಜರಿದೆ.

"ಕರಿಯೋ. ನಂಗೇ ಇಲ್ದ ನಾಚ್ಕೆ ನಿಂಗ್ಯಾಕೆ?"

ಗಾಳಿ ನುಂಗಿ ತುಟಿ ಒತ್ತಿದೆ. ಒಂದು ಸಾರಿ ಬರಿ ಪುಸ್ಸೆಂದಿತು. ಎರಡನೇ ಸಾರಿ ಅರ್ಧ ಹೊರಟು ಮುರಿಯಿತು. ಅವ್ವ ತಲೆ ವಾಲಿಸಿ, ಕಿವಿ ನನ್ನ ಕಡೆ ಮಾಡಿ, ಅಲ್ಲಾಡದೆ ಕೂತಿದ್ದಳು. ನಾನು ಗಿರಿಜಳ ಕಡೆ ನೋಡಿದೆ. ಬಸ್ತಿಹಳ್ಳಿಯಲ್ಲಿ ನನ್ನ ಬಾಯಿಗೆ ಅಡ್ಡ ಇಟ್ಟಿದ್ದ ಕೈಯನ್ನು ಅವಳು ಈಗ ತನ್ನ ಬಾಯಿಗೆ ಇಟ್ಟುಕೊಂಡಿದ್ದಳು. ಅದನ್ನು ತೆಗೆದು ಮೆಲ್ಲಗೆ ಅಂದಳು:

"ಮೂರನೇ ಸಾರಿ ಅನ್ನಿ."

"ಪುಟ್ಟಿ," ಎಂದೆ.

ಒರಟು ದನಿ, ಹೊಟ್ಟೆಯಿಂದ ಎದ್ದ ತೇಗು. ಅವ್ವ ನೆಟ್ಟಗೆ ಕೂತಳು. ಅವಳ ಮುಖ ಯಾವುದೋ ಹಳೆಯ ಅಂಗಳದ ಕಡೆ ತಿರುಗಿದಂತಾಯಿತು.

"ಓ, ಬಂದೆ," ಅಂದಳು.